ಹೆರಿಗೆ ಬೇನೆಯ ಹೊತ್ತಿನಲ್ಲಿ ತಾಯಿಗೆ ಅನ್ನ-ನೀರು

(ಆಜರಾ ವಿಭಾಗದ ಕಬ್ಬು ಬೆಳೆಗಾರರ ಮೇಳಾವೆಯಲ್ಲಿ ಕಬ್ಬು ಅಭಿವೃದ್ಧಿ ಅಧಿಕಾರಿಗಳು ಮಾಡಿದ ಭಾಷಣ. ಮೇಳಾವೆಗೆ ಬರಲಾಗದ ಸಭಾಸದರ ಓದಿಗಾಗಿ ಇಲ್ಲಿ ಕೊಡಲಾಗಿದೆ.)



ನಾನು ಎದ್ದು ನಿಂತೆನೆಂದರೆ ಬೀಜದ ಕಬ್ಬು, ಲಾವಣಿ, ಯೂರಿಯಾ ಇವುಗಳ ಮಾತೇ ಬರುತ್ತದೆ ಎಂದು ನಿಮಗೆಲ್ಲ ಗೊತ್ತು. ಆ ಮಾತು ಇದ್ದೇ ಇದೆ. ಊಟವಾದ ಮೇಲೆ ಖೋಡವಾ ಕಬ್ಬಿನ ಬಗ್ಗೆ ಹೇಳುವವನಿದ್ದೇನೆ. ಅದಕ್ಕೂ ಮೊದಲು ಅರ್ಧ ತಾಸು ಬೇರೊಂದು ವಿಷಯಕ್ಕೆ ಕೊಡಿರಿ ಎಂದು ವಿನಂತಿ. ಹೆರಿಗೆ ಬೇನೆ ಬಂದ ಹೆಣ್ಣುಮಗಳಿಗೆ ತಿನ್ನಲು, ಕುಡಿಯಲು ಕೊಡಬೇಕೋ ಬೇಡವೋ ಎಂಬುದೇ ಆ ವಿಷಯ. ಗಂಡಸರು ಸಭೆಯಲ್ಲಿ ಆಡುವ ಮಾತೇ ಇದು ಎಂದು ಹಿಂದಿನ ಸಾಲಿನ ಹಿರಿಯರು ಮುಗುಳ್ನಗುತ್ತಿದ್ದಾರೆ. ನಗಲಿ. ಆಸ್ಪತ್ರೆಯ ಬಾಗಿಲಲ್ಲಿ ಡಾಕ್ಟರರು ಪ್ರಶ್ನೆ ಕೇಳುವುದು ಮಾತ್ರ ಬಹುತೇಕ ನಮ್ಮಂಥ ಗಂಡಸರನ್ನೇ. ಉತ್ತರ ತಪ್ಪಿದರೆ ಏನಾಗಬಹುದೆಂದು ನಾನು ಕಣ್ಣಾರೆ ಕಂಡಿದ್ದೇನೆ.

ನಾನು ಕೃಷಿ ಪದವೀಧರ, ವೈದ್ಯನಲ್ಲ. ಆದುದರಿಂದ ಈ ಭಾಷಣ ಬರೆಯುವ ಮುನ್ನ ವೈದ್ಯರ ಹತ್ತಿರ ಎರಡು ಸಲ ಹೋಗಿ ಕುಳಿತು, ಅವರು ಕೊಟ್ಟ ಕಾಗದಗಳನ್ನು ಓದಿ ಬಂದಿದ್ದೇನೆ.

ಮೊದಲು ನಡೆದ ಸಂಗತಿ. ಕಳೆದ ಹಂಗಾಮಿನ ಜನವರಿಯಲ್ಲಿ ಹಿರಣ್ಯಕೇಶಿ ದಂಡೆಯ ಒಂದು ತೋಟದಲ್ಲಿ ಬೀಡ ಜಿಲ್ಲೆಯ ಟೋಳಿ ಕಟಾವು ಮಾಡುತ್ತಿತ್ತು. ಬೆಳಿಗ್ಗೆ ಹತ್ತರ ಸುಮಾರಿಗೆ ನಾನು ಹೋದಾಗ ಗುಡಿಸಲ ಮುಂದೆ ಹೆಂಗಸರು ಗುಂಪುಗೂಡಿದ್ದರು. ಒಳಗೆ ಇಪ್ಪತ್ತರ ಆಸುಪಾಸಿನ ಹುಡುಗಿ. ಚೊಚ್ಚಲ ಬಸುರಿ, ರಾತ್ರಿಯಿಂದ ಬೇನೆ ತಿನ್ನುತ್ತಿದ್ದಳು. ತುಟಿ ಒಣಗಿ ಬಿಳಿಚಿಕೊಂಡಿತ್ತು. ನೀರು ಕುಡಿದರೆ ಬೇನೆ ಆರಿ ಹೋಗುತ್ತದೆಂದು ಟೋಳಿಯ ಹಿರಿಯಳೊಬ್ಬಳು ಗುಟುಕು ನೀರನ್ನೂ ಕೊಟ್ಟಿರಲಿಲ್ಲ. ನಾನು ಗಾಡಿ ತಿರುಗಿಸಿ ನಿಲ್ಲಿಸುವಷ್ಟರಲ್ಲಿ ತೋಟದ ಯಜಮಾನರ ಮನೆಯವರು ತಾಟು ಹಿಡಿದು ಓಡಿ ಬಂದರು. ಎರಡು ಜೋಳದ ರೊಟ್ಟಿ, ಝುಣಕ, ಒಂದು ಹೆಂಟೆ ಬೆಲ್ಲ. "ಖಾಲಿ ಹೊಟ್ಟಿಲೆ ಹ್ಯಾಂಗ ಹಡೀತಾಳ್ರೀ ಸಾಹೇಬ್ರ?" ಎಂದು ಕಣ್ಣಲ್ಲಿ ನೀರು ತಂದುಕೊಂಡು ಆ ತಾಯಿ ರೊಟ್ಟಿ ಮುರಿದು ತಿನ್ನಿಸಿಯೇಬಿಟ್ಟರು. ಅವರ ಅಂತಃಕರಣದ ಬಗ್ಗೆ ನಾನು ಒಂದು ಮಾತೂ ಕಡಿಮೆ ಹೇಳುವುದಿಲ್ಲ.

ಆಸ್ಪತ್ರೆ ತಲುಪಿದಾಗ ಕೂಸಿನ ಎದೆಬಡಿತ ಕುಸಿಯುತ್ತಿದೆ, ಶಸ್ತ್ರಕ್ರಿಯೆ ಮಾಡಬೇಕು ಎಂದರು. ಡಾಕ್ಟರರು ಗಂಡನನ್ನು ಕೇಳಿದರು: "ಕೊನೆಗೆ ಏನು ತಿಂದಿದ್ದಾಳೆ? ಯಾವಾಗ?" ಆತ ಬೈಗುಳಕ್ಕೆ ಅಂಜಿ, "ರಾತ್ರಿಯಿಂದ ಏನೂ ಇಲ್ಲ" ಎಂದುಬಿಟ್ಟ. ನಾನು ಪಕ್ಕದಲ್ಲೇ ನಿಂತಿದ್ದೆ. ನಿಜ ಹೇಳಬೇಕೆಂದರೆ ಒಂದು ಕ್ಷಣ ನಾನೂ ಸುಮ್ಮನಿದ್ದೆ. ಪರರ ಹೆಂಡತಿಯ ವಿಷಯ, ನಡುವೆ ಬಾಯಿ ಹಾಕುವುದು ಹೇಗೆ ಎಂಬ ಸಂಕೋಚ. ಆಮೇಲೆ ಹೇಳಿದೆ: "ಮುಕ್ಕಾಲು ತಾಸಿನ ಹಿಂದೆ ರೊಟ್ಟಿ ತಿಂದಿದ್ದಾಳೆ." ಡಾಕ್ಟರರು ತಲೆ ಆಡಿಸಿ ಒಳಗೆ ಹೋದರು. ಬೆನ್ನಿಗೆ ಚುಚ್ಚುಮದ್ದು ಕೊಟ್ಟು ಶಸ್ತ್ರಕ್ರಿಯೆ ಮಾಡಿದರು. ಮೇಜಿನ ಮೇಲೆ ಆಕೆ ವಾಂತಿ ಮಾಡಿಕೊಂಡಳಂತೆ. ಎಚ್ಚರವಿದ್ದುದರಿಂದ ಮುಖ ಹೊರಳಿಸಿ ಉಗುಳಿದಳು. ಹೆಣ್ಣು ಕೂಸು, ತಾಯಿ, ಮಗು ಇಬ್ಬರೂ ಕ್ಷೇಮ.

ಮರುದಿನ ಡಾಕ್ಟರರು ನನಗೆ ಹೇಳಿದರು: "ಬೇನೆ ಬಂದವಳ ಹೊಟ್ಟೆ ತುಂಬಿದೆ ಎಂದೇ ನಾವು ತಿಳಿದು ನಡೆಯುತ್ತೇವೆ. ಆದರೂ ನಿಜ ಗೊತ್ತಿದ್ದರೆ ನಮ್ಮ ತಯಾರಿಯೇ ಬೇರೆ." ಒಂದೇ ಮುಂಜಾನೆ ಒಬ್ಬಳೇ ಹುಡುಗಿಗೆ ಎರಡೂ ತಪ್ಪುಗಳಾಗಿದ್ದವು. ರಾತ್ರಿಯೆಲ್ಲ ಒಣಗಿಸಿದ್ದು ಒಂದು, ಹೊರಡುವ ಗಳಿಗೆಯಲ್ಲಿ ತುಂಬಿಸಿದ್ದು ಇನ್ನೊಂದು. ಅದರ ಮೇಲೆ ಸುಳ್ಳು ಬೇರೆ.

ಬೇನೆಯ ಹೊತ್ತಿನಲ್ಲಿ ಬಾಯಿಗೆ ಏನೂ ಹಾಕಬಾರದು ಎಂಬ ಆಸ್ಪತ್ರೆಯ ಕಟ್ಟಳೆ ಎಲ್ಲಿಂದ ಬಂತು? ಅದಕ್ಕೊಂದು ಇತಿಹಾಸವಿದೆ. ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಕರ್ಟಿಸ್ ಮೆಂಡೆಲ್ಸನ್ ಎಂಬ ಹೆರಿಗೆ ವೈದ್ಯರಿದ್ದರು. ತಮ್ಮ ಆಸ್ಪತ್ರೆಯಲ್ಲಿ 1932ರಿಂದ 1945ರವರೆಗೆ ಆದ 44,016 ಬಾಣಂತನಗಳ ದಾಖಲೆ ತೆಗೆದು ನೋಡಿದರು. ಅರಿವಳಿಕೆ ಕೊಟ್ಟಾಗ ಹೊಟ್ಟೆಯೊಳಗಿನದು ಮೇಲೆ ಬಂದು ಪುಪ್ಪುಸಕ್ಕೆ ಇಳಿದ ಪ್ರಕರಣಗಳು 66 ಸಿಕ್ಕವು. ಇಬ್ಬರು ತಾಯಂದಿರು ಸತ್ತಿದ್ದರು. ಇಬ್ಬರಿಗೂ ಗಟ್ಟಿ ಆಹಾರ ಉಸಿರುನಾಳಕ್ಕೆ ಅಡ್ಡ ಸಿಕ್ಕಿತ್ತು. 1946ರಲ್ಲಿ ಅವರು ಇದನ್ನು ಬರೆದು ಪ್ರಕಟಿಸಿದರು. ಅಂದಿನಿಂದ ಲೋಕದ ಆಸ್ಪತ್ರೆಗಳಲ್ಲಿ ಬೇನೆಯ ಹೆಂಗಸಿಗೆ ಅನ್ನವೂ ಇಲ್ಲ, ನೀರೂ ಇಲ್ಲ ಎಂಬ ರೂಢಿ ಹಬ್ಬಿತು.

ಅವರು ಹೇಳಿದ ಅಪಾಯ ಸುಳ್ಳಲ್ಲ. ತುಂಬು ಬಸುರಿಯಲ್ಲಿ ಗರ್ಭಕೋಶ ಜಠರವನ್ನು ಮೇಲಕ್ಕೆ ಒತ್ತಿರುತ್ತದೆ. ಜಠರದ ಮೇಲ್ಬಾಯಿಯ ಬಿಗಿ ಸಡಿಲಾಗಿರುತ್ತದೆ. ಬೇನೆ ಜೋರಾದಾಗ ಉಂಡದ್ದು ಕೆಳಗೆ ಇಳಿಯುವುದು ನಿಧಾನವಾಗುತ್ತದೆ. ನೋವು ಕಡಿಮೆ ಮಾಡಲು ಪೆಥಿಡಿನ್‌ನಂಥ ಚುಚ್ಚುಮದ್ದು ಕೊಟ್ಟರಂತೂ ಇನ್ನೂ ನಿಧಾನ. ಇಂಥ ಹೊತ್ತಿನಲ್ಲಿ ಪೂರ್ತಿ ಮೈಮರೆಯುವಂತೆ ಭೂಲು ಕೊಟ್ಟರೆ ಕೆಮ್ಮುವ ಶಕ್ತಿಯೇ ಇರುವುದಿಲ್ಲ. ಹುಳಿ ನೀರು ಪುಪ್ಪುಸಕ್ಕೆ ಇಳಿದರೆ ಸುಟ್ಟ ಹಾಗೆ ಆಗುತ್ತದೆ.

ಆದರೆ ಆ ಕಾಲ ಬೇರೆ, ಈ ಕಾಲ ಬೇರೆ. ಅಂದು ಮುಖಕ್ಕೆ ಮುಸುಕು ಹಾಕಿ ಈಥರ್, ಗ್ಯಾಸು ಕೊಡುತ್ತಿದ್ದರು. ಇಂದು ಹೆಚ್ಚಿನ ಶಸ್ತ್ರಕ್ರಿಯೆ ಹೆರಿಗೆಗಳು ಬೆನ್ನಿಗೆ ಚುಚ್ಚುಮದ್ದು ಕೊಟ್ಟು ಆಗುತ್ತವೆ, ತಾಯಿ ಎಚ್ಚರವಾಗಿರುತ್ತಾಳೆ. ಪೂರ್ತಿ ಭೂಲು ಕೊಡಬೇಕಾದರೂ ಉಸಿರುನಾಳಕ್ಕೆ ನಳಿಕೆ ಹಾಕಿ ದಾರಿ ಭದ್ರಪಡಿಸುತ್ತಾರೆ. ಹೀಗಿರುವಾಗ ಎಲ್ಲ ತಾಯಂದಿರನ್ನೂ ಉಪವಾಸ ಕೆಡವಬೇಕೇ ಎಂದು ವೈದ್ಯರೇ ಪ್ರಶ್ನೆ ಎತ್ತಿದರು.

ನಾವು ಹೊಸ ತಳಿಯನ್ನು ಒಪ್ಪುವ ಮೊದಲು ಪಕ್ಕಪಕ್ಕದ ತುಂಡುಗಳಲ್ಲಿ ಬೆಳೆದು ನೋಡುತ್ತೇವಲ್ಲ, ಅದೇ ರೀತಿ ಅವರೂ ನೋಡಿದರು. ಲಂಡನ್ನಿನ ಒಂದು ಪ್ರಯೋಗದ ಫಲ 2009ರಲ್ಲಿ ಪ್ರಕಟವಾಯಿತು. ಚೊಚ್ಚಲ ಹೆರಿಗೆಯ 2,426 ಹೆಂಗಸರು. ಅರ್ಧ ಜನರಿಗೆ ಹಗುರ ಆಹಾರ, ಉಳಿದವರಿಗೆ ಬರೀ ನೀರು. ಎರಡೂ ಗುಂಪಿನಲ್ಲಿ ಸಹಜ ಹೆರಿಗೆಯಾದವರು ನೂರಕ್ಕೆ 44, ವಾಂತಿ ಮಾಡಿಕೊಂಡವರು ಮೂರರಲ್ಲಿ ಒಬ್ಬರು. ಉಂಡವರಿಗೆ ನಷ್ಟವಿಲ್ಲ, ದೊಡ್ಡ ಲಾಭವೂ ಇಲ್ಲ. 2013ರಲ್ಲಿ ಕಾಕ್ರೇನ್ ಎಂಬ ಸಂಸ್ಥೆಯವರು ಐದು ಪ್ರಯೋಗಗಳ 3,130 ಹೆಂಗಸರ ಲೆಕ್ಕ ಕೂಡಿಸಿ, ತೊಡಕಿಲ್ಲದ ಬಸುರಿಯರನ್ನು ತಡೆಯಲು ಕಾರಣ ಕಾಣಲಿಲ್ಲ ಎಂದರು. 2017ರ ಇನ್ನೊಂದು ಲೆಕ್ಕದಲ್ಲಿ ಹತ್ತು ಪ್ರಯೋಗಗಳು, 3,982 ಹೆಂಗಸರು. ತಿನ್ನಲು-ಕುಡಿಯಲು ಬಿಟ್ಟವರ ಬೇನೆ ಸರಾಸರಿ 16 ನಿಮಿಷ ಮೊದಲೇ ಮುಗಿದಿತ್ತು. ಹದಿನಾರೇ ನಿಮಿಷವೇ ಎಂದು ನಾವು ಕೇಳಬಹುದು. ಆ ಹದಿನಾರು ನಿಮಿಷದ ಬೆಲೆಯನ್ನು ಇಲ್ಲಿ ಕುಳಿತ ತಾಯಂದಿರೇ ಹೇಳಬೇಕು.

2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೆರಿಗೆಯ ಆರೈಕೆಗೆ ಸೂಚನೆಗಳನ್ನು ಹೊರಡಿಸಿತು. ಅಪಾಯದ ಲಕ್ಷಣವಿಲ್ಲದ ಹೆಂಗಸು ಬೇನೆಯ ಹೊತ್ತಿನಲ್ಲಿ ಕುಡಿಯಬಹುದು, ತಿನ್ನಬಹುದು ಎಂದು ಅದರಲ್ಲಿದೆ. ಅಮೆರಿಕದ ಅರಿವಳಿಕೆ ವೈದ್ಯರ ಸಂಘ ಇಷ್ಟು ದೂರ ಬರುವುದಿಲ್ಲ. ಅವರ 2016ರ ಸೂಚನೆಯಲ್ಲಿ ತಿಳಿಯಾದ ಪಾನೀಯ ಮಿತವಾಗಿ ಸರಿ, ಗಟ್ಟಿ ಆಹಾರ ಬೇಡ ಎಂದಿದೆ. ಮೆಂಡೆಲ್ಸನ್ ಕಂಡ ಅಪಾಯ ಈಗ ಬಹಳ ವಿರಳವಾದ್ದರಿಂದ ಮೂರು ಸಾವಿರ ಜನರ ಪ್ರಯೋಗದಲ್ಲಿ ಅದು ಕಣ್ಣಿಗೆ ಬೀಳದೇ ಹೋಗಬಹುದು ಎಂಬುದು ಅವರ ಎಚ್ಚರ. ಈ ಎಚ್ಚರಕ್ಕೂ ಅರ್ಥವಿದೆ. ಆದರೆ ಇಬ್ಬರೂ ಒಂದು ಮಾತಿನಲ್ಲಿ ಒಂದಾಗಿದ್ದಾರೆ. ತೊಡಕಿಲ್ಲದ ಹೆಂಗಸಿಗೆ ಗುಟುಕು ನೀರನ್ನೂ ಕೊಡದೆ ಒಣಗಿಸುವುದಕ್ಕೆ ಆಧಾರವಿಲ್ಲ.

ನನ್ನ ಮನೆಯ ಮಾತೂ ಇಲ್ಲಿ ಬರುತ್ತದೆ. ನನ್ನ ಹೆಂಡತಿಯ ಮೊದಲ ಹೆರಿಗೆ ಪೇಟೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಆಯಿತು. ಹದಿನಾಲ್ಕು ತಾಸು ಬಾಯಿಗೆ ಹನಿ ನೀರಿಲ್ಲ. ನರ್ಸಬಾಯಿ ಒದ್ದೆ ಹತ್ತಿಯಿಂದ ತುಟಿ ಒರೆಸುತ್ತಿದ್ದರು, ಅಷ್ಟೆ. ಯಾಕೆಂದು ಕೇಳುವ ಧೈರ್ಯ ನನಗಿರಲಿಲ್ಲ. ಲಾವಣಿಯ ಬೀಜ ಒಣಗದಂತೆ ಪಾಲಾ ಮುಚ್ಚಿ ನೀರು ಚಿಮುಕಿಸಿರಿ ಎಂದು ಊರೂರು ಹೇಳುತ್ತ ತಿರುಗುವವನು ನಾನು! ಕೊನೆಗೆ ಜೀಕುವ ಹೊತ್ತಿಗೆ ಆಕೆಯಲ್ಲಿ ತ್ರಾಣವೇ ಉಳಿದಿರಲಿಲ್ಲ. ಎರಡನೆಯ ಸಲ ಬೇರೆ ಡಾಕ್ಟರರು ಲಿಂಬಿ ಶರಬತ್ತು, ಚಹಾ ಕೊಡಿರಿ ಎಂದರು. ಹೆರಿಗೆ ಬೇಗ ಆಯಿತು. ಎರಡನೆಯದು ಹೇಗೂ ಬೇಗ ಆಗುತ್ತದೆ, ಶರಬತ್ತಿನಿಂದಲೇ ಆಯಿತು ಎಂದು ನಾನು ಹೇಳಲಾರೆ. ಆದರೆ "ಈ ಸಲ ನನ್ನನ್ನ ಮನಿಷ್ಯಾಳ ಹಂಗ ನೋಡಿದ್ರು" ಎಂದು ಆಕೆ ಅಂದದ್ದು ನೆನಪಿದೆ.

ಚೊಚ್ಚಲಕ್ಕೆ ಬೇನೆ ಜೋರಾದ ಮೇಲೂ ಹನ್ನೆರಡು ತಾಸಿನವರೆಗೆ ಹಿಡಿಯಬಹುದು. ಅದಕ್ಕೆ ಮೊದಲಿನ ಸಣ್ಣ ಬೇನೆಯ ಹೊತ್ತು ಬೇರೆ. ಗರ್ಭಕೋಶ ಒಂದು ಸ್ನಾಯು. ಅದು ದುಡಿಯಬೇಕಾದರೆ ಸಕ್ಕರೆ ಬೇಕು, ನೀರು ಬೇಕು. ಉಪವಾಸ ಬಿದ್ದ ದೇಹ ತನ್ನ ಕೊಬ್ಬನ್ನೇ ಕರಗಿಸತೊಡಗುತ್ತದೆ.

ಇಲ್ಲಿ ಒಬ್ಬ ಬಂಧುಗಳು ಕೈ ಎತ್ತಿ ಕೇಳಿದರು: "ಎಮ್ಮೆ ಈಯುವಾಗ ನಾವು ನೀರು ತಪ್ಪಿಸುವುದಿಲ್ಲವಲ್ಲ?" ಸರಿಯಾದ ಮಾತು. ಆದರೆ ಎಮ್ಮೆಗೆ ಯಾರೂ ಅಂಗಾತ ಮಲಗಿಸಿ ಭೂಲು ಕೊಡುವುದಿಲ್ಲ. ಹೋಲಿಕೆ ಅಲ್ಲಿಗೇ ನಿಲ್ಲಲಿ.

ಹಾಗೆಂದು ಕೊಡದ ಮೇಲೆ ಬಿಂದಿಗೆಗಟ್ಟಲೆ ಕುಡಿಸಲೂಬಾರದು. ಸ್ವೀಡನ್ ದೇಶದಲ್ಲಿ 287 ಹೆಂಗಸರನ್ನು ಪರೀಕ್ಷಿಸಿ 2009ರಲ್ಲಿ ವರದಿ ಮಾಡಿದರು. ಬೇನೆಯ ಹೊತ್ತಿನಲ್ಲಿ ಒಟ್ಟು ಎರಡೂವರೆ ಲೀಟರಿಗಿಂತ ಹೆಚ್ಚು ನೀರು ಒಳಗೆ ಹೋದ 61 ಜನರಲ್ಲಿ 16 ಜನರ ರಕ್ತದಲ್ಲಿ ಉಪ್ಪಿನ ಅಂಶ ಕೆಳಗಿಳಿದಿತ್ತು. ಅದು ಮಿತಿಮೀರಿದರೆ ತಲೆನೋವು, ವಾಂತಿ, ಫಿಟ್ಸ್ ಕೂಡ ಬರಬಹುದು. ಬೆಳೆಗೆ ನೀರು ನಿಂತರೂ ಬೇರು ಕೊಳೆಯುವುದು ನಿಮಗೆ ಗೊತ್ತೇ ಇದೆ. ಬಾಯಾರಿಕೆಯಾದಾಗ ಕುಡಿಯಲಿ, ಗುಟುಕು ಗುಟುಕಾಗಿ ಕುಡಿಯಲಿ. ಜೊತೆಗೆ ಎರಡು ತಾಸಿಗೊಮ್ಮೆ ಮೂತ್ರಕ್ಕೆ ಎಬ್ಬಿಸಿರಿ. ತುಂಬಿದ ಮೂತ್ರಕೋಶ ಕೂಸಿನ ತಲೆಗೆ ಅಡ್ಡಿ.

ನಮ್ಮ ಮನೆಗಳ ನಂಬಿಕೆಗಳ ಬಗ್ಗೆಯೂ ಹೇಳಬೇಕು. ಹೊಟ್ಟೆ ತುಂಬ ಉಂಡರೆ ಕೂಸಿಗೆ ಜಾಗ ಸಾಲದು ಎಂದು ಬಸುರಿಗೆ ಊಟ ಕಡಿಮೆ ಮಾಡುವ ರೂಢಿ ಕರ್ನಾಟಕದಲ್ಲಿ ಇತ್ತು. ಮಾರ್ಕ್ ನಿಕ್ಟರ್, ಮಿಮಿ ನಿಕ್ಟರ್ ಎಂಬ ದಂಪತಿಗಳು ದಕ್ಷಿಣ ಕನ್ನಡದ ಹಳ್ಳಿಗಳಲ್ಲಿ ಇದನ್ನು ಕೇಳಿ ತಿಳಿದು 1983ರಲ್ಲಿ ಪ್ರಕಟಿಸಿದರು. ನಮ್ಮ ಕಡೆಯೂ ಅಜ್ಜಿಯಂದಿರು ಇದೇ ಮಾತು ಹೇಳುವುದನ್ನು ಕೇಳಿದ್ದೇನೆ. ಕೂಸು ಇರುವುದು ಗರ್ಭಕೋಶದಲ್ಲಿ, ಅನ್ನ ಹೋಗುವುದು ಜಠರಕ್ಕೆ. ಎರಡೂ ಒಂದೇ ಚೀಲವಲ್ಲ. ಇನ್ನೊಂದು, ಬೇನೆ ಏರಲಿ ಎಂದು ಔಡಲೆಣ್ಣೆ ಕುಡಿಸುವುದು. ಇದರಿಂದ ಭೇದಿ, ವಾಂತಿ ಹತ್ತಿ ಇದ್ದ ನೀರೂ ಹೊರಗೆ ಹೋಗುತ್ತದೆ. ದಯವಿಟ್ಟು ಬಿಡಿರಿ. ಬೇನೆ ಏರಿಸುವ ಸೂಜಿಯನ್ನು ಮನೆಯಲ್ಲಿ ಹಾಕಿಸುವುದಂತೂ ಬೇಡವೇ ಬೇಡ. ಗರ್ಭಕೋಶ ಹರಿದು ತಾಯಿ-ಕೂಸು ಇಬ್ಬರೂ ಹೋಗಬಹುದು.

ಎಲ್ಲಾ ಔಷಧಿಗೂ ಅದರದೇ ಗಳಿಗೆ ಇರುತ್ತದೆ. ನಮ್ಮ ನೆರೆಯ ಬೆಳಗಾವಿಯ ಜವಾಹರಲಾಲ ನೆಹರು ವೈದ್ಯಕೀಯ ಕಾಲೇಜಿನವರು ಆ ಜಿಲ್ಲೆಯ ಹಳ್ಳಿಗಳಲ್ಲಿ 1,620 ಹೆಂಗಸರ ಮೇಲೆ ಮಾಡಿದ ಪ್ರಯೋಗ 2006ರಲ್ಲಿ ಲೋಕಕ್ಕೆಲ್ಲ ತಿಳಿಯಿತು. ಕೂಸು ಹುಟ್ಟಿದ ಮೇಲೆ ನರ್ಸಬಾಯಿ ಮಿಸೊಪ್ರೊಸ್ಟಾಲ್ ಎಂಬ ಮಾತ್ರೆಯನ್ನು ನುಂಗಿಸಿದಾಗ ಅತಿ ರಕ್ತಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತು. ಅದೇ ಮಾತ್ರೆಯನ್ನು ಕೂಸು ಹುಟ್ಟುವ ಮೊದಲು ತಿಳಿಯದವರು ಕೊಟ್ಟರೆ ಪ್ರಾಣಕ್ಕೇ ಅಪಾಯ.

ಹಾಗಾದರೆ ಏನು ಕೊಡಬೇಕು? ಸಣ್ಣ ಬೇನೆ ಇದ್ದು ನಡೆದಾಡುತ್ತಿರುವಾಗ ಹಸಿವಾದರೆ ಹಗುರವಾದದ್ದು ಸ್ವಲ್ಪ ಕೊಡಬಹುದು. ನಮ್ಮ ಆಜರಾದ ಘನಸಾಳ ಅಕ್ಕಿಗೆ 2016ರಲ್ಲಿ ಭೌಗೋಳಿಕ ಮಾನ್ಯತೆ ಸಿಕ್ಕಿದೆ, ಪೇಟೆಗೆ ಕಳಿಸಿ ರೊಕ್ಕ ಎಣಿಸುತ್ತೇವೆ. ಅದರದೊಂದು ಬಟ್ಟಲು ತಿಳಿ ಗಂಜಿಯನ್ನು ಮನೆಯ ಹೆಣ್ಣುಮಗಳಿಗೂ ಕೊಡಿರಿ, ಚಿಟಿಕೆ ಉಪ್ಪು ಹಾಕಿ. ನಾಚಣಿ ಅಂಬಲಿ, ಒಂದು ಬಾಳೆಹಣ್ಣು, ಬಿಸ್ಕೀಟು ಆದೀತು. ಬೇನೆ ಜೋರಾದ ಮೇಲೆ ಹೆಚ್ಚಿನವರಿಗೆ ತಿನ್ನುವ ಮನಸ್ಸೇ ಇರುವುದಿಲ್ಲ, ಒತ್ತಾಯ ಮಾಡಬೇಡಿರಿ. ಆಗ ಕಾಸಿ ಆರಿಸಿದ ನೀರು, ಉಪ್ಪು-ಸಕ್ಕರೆ ಹಾಕಿದ ಲಿಂಬಿ ಶರಬತ್ತು, ಎಳನೀರು, ಬೆಲ್ಲದ ನೀರು, ತೆಳು ಚಹಾ. ರೊಟ್ಟಿ, ಝುಣಕ, ಎಣ್ಣೆಯಲ್ಲಿ ಕರಿದದ್ದು, ತುಪ್ಪ ಸುರಿದ ಶಿರಾ, ಮಾಂಸ ಬೇಡ. ಕಬ್ಬಿನ ಹಾಲು ನಡೆಯುತ್ತದೆಯೇ ಎಂದು ನೀವು ಕೇಳಿಯೇ ಕೇಳುತ್ತೀರಿ. ಕಬ್ಬಿನ ಅನ್ನ ಉಣ್ಣುವ ನಾನೇ ಹೇಳುತ್ತೇನೆ, ಬೇಡ. ಕಬ್ಬಿನ ಹಾಲು ಬೇಗ ಹುಳಿಯುತ್ತದೆ, ರಸ್ತೆ ಬದಿಯ ಗಾಣದ ನೀರು-ಬರ್ಫದ ಭರವಸೆಯಿಲ್ಲ. ಕಾಸಿದ ನೀರಿಗೆ ಬೆಲ್ಲ ಹಾಕಿದರೆ ಕೆಲಸ ಅದೇ ಆಗುತ್ತದೆ.

ಈ ಸಡಿಲಿಕೆ ಎಲ್ಲರಿಗೂ ಅಲ್ಲ. ಹಿಂದೆ ಹೊಟ್ಟೆ ಕೊಯ್ದು ಹೆರಿಗೆಯಾದವರು, ರಕ್ತದೊತ್ತಡ ಏರಿ ಮುಖ-ಕೈ ಬಾತವರು, ಸಕ್ಕರೆ ರೋಗದವರು, ಅವಳಿ ಇದ್ದವರು, ಕೂಸು ಅಡ್ಡ ಅಥವಾ ಕಾಲು ಮುಂದಾಗಿ ಇದ್ದವರು, ರಕ್ತ ಹೋಗುತ್ತಿರುವವರು, ಇವರಿಗೆ ಶಸ್ತ್ರಕ್ರಿಯೆಯ ಸಂಭವ ಹೆಚ್ಚು. ಡಾಕ್ಟರರನ್ನು ಕೇಳದೆ ಏನೂ ಕೊಡಬೇಡಿರಿ. ದಿನ ಗೊತ್ತುಮಾಡಿ ಮಾಡುವ ಶಸ್ತ್ರಕ್ರಿಯೆಗೆ ಆರರಿಂದ ಎಂಟು ತಾಸು ಮೊದಲೇ ಊಟ ನಿಲ್ಲಿಸಲು ಹೇಳುತ್ತಾರೆ, ತಿಳಿನೀರನ್ನು ಎರಡು ತಾಸು ಮೊದಲು. ಡಾಕ್ಟರರು ಬೇಡ ಎಂದರೆ ಬೇಡ. ಯಾಕೆ ಎಂದು ಮಾತ್ರ ವಿನಯದಿಂದ ಕೇಳಿರಿ. ಕೇಳುವುದು ಉದ್ಧಟತನವಲ್ಲ.

ಮತ್ತು ಕೊಟ್ಟದ್ದನ್ನು ಮುಚ್ಚಿಡಬೇಡಿರಿ. ಏನು ತಿಂದಳು, ಎಷ್ಟು, ಎಷ್ಟು ಗಂಟೆಗೆ. ಕಬ್ಬಿನ ಚೀಟಿಯ ಹಿಂಬದಿಯಲ್ಲಾದರೂ ಸರಿ, ಬರೆದುಕೊಂಡು ಹೋಗಿರಿ. ಔಡಲೆಣ್ಣೆ ಕುಡಿಸಿದ್ದರೆ ಅದನ್ನೂ ಹೇಳಿರಿ. ಡಾಕ್ಟರರು ನಾಲ್ಕು ಮಾತು ಬೈದಾರು, ಬೈಯಲಿ.

ಆಜರಾದಲ್ಲಿ ಗ್ರಾಮೀಣ ರುಗ್ಣಾಲಯವಿದೆ, ಗಡಹಿಂಗ್ಲಜದಲ್ಲಿ ಉಪಜಿಲ್ಲಾ ಆಸ್ಪತ್ರೆಯಿದೆ. ಇನ್ನೂ ದೊಡ್ಡ ತೊಡಕಾದರೆ ಕೊಲ್ಲಾಪುರದ ಸಿ.ಪಿ.ಆರ್. 2011ರ ಜೂನ್ 1ರಿಂದ ಇರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಸರ್ಕಾರಿ ಆಸ್ಪತ್ರೆಯ ಹೆರಿಗೆಗೆ ಖರ್ಚಿಲ್ಲ. ಹೋಗಿ ಬರುವ ಗಾಡಿ, ಔಷಧಿ ಪುಕ್ಕಟೆ. ಸಹಜ ಹೆರಿಗೆಗೆ ಮೂರು ದಿನ, ಶಸ್ತ್ರಕ್ರಿಯೆಗೆ ಏಳು ದಿನ ಊಟವೂ ಪುಕ್ಕಟೆ. ಬೇನೆಯ ಹೊತ್ತಿನಲ್ಲಿ ಬಸುರಿಯ ಜೊತೆ ಒಬ್ಬ ಹೆಣ್ಣುಮಗಳು ಇರಲು 2016ರಲ್ಲಿ ಕೇಂದ್ರ ಸರ್ಕಾರ ಸಮ್ಮತಿ ಕೊಟ್ಟಿದೆ. ಗುಟುಕು ನೀರು ಕೊಡಲು ಒಂದು ಕೈ ಬೇಕಲ್ಲ, ಅದು ಅವಳ ಕೈ.

ಕೊನೆಗೆ ಟೋಳಿಯ ಮಾತು. ನಮ್ಮ ಕಬ್ಬು ಕಡಿಯಲು ಬರುವ ಹೆಂಗಸರಿಗೆ ಇಲ್ಲಿ ತವರಿಲ್ಲ, ಪರಿಚಯದ ನರ್ಸಬಾಯಿ ಇಲ್ಲ. ನಸುಕಿನ ನಾಲ್ಕಕ್ಕೆ ಫಡಕ್ಕೆ ಇಳಿಯುತ್ತಾರೆ. ಒಂದು ದಿನ ಕೋಯತಾ ಕೆಳಗಿಟ್ಟರೆ ದುಡ್ಡು ಕಡಿತ, ಆದ್ದರಿಂದ ಬೇನೆ ಬಂದರೂ ಕೊನೆಯ ಗಳಿಗೆಯವರೆಗೆ ಹೇಳುವುದಿಲ್ಲ. ನಿಮ್ಮ ತೋಟಕ್ಕೆ ಟೋಳಿ ಬಂದ ದಿನವೇ, ತುಂಬಿದ ಬಸುರಿ ಯಾರಾದರೂ ಇದ್ದಾರೆಯೇ ಎಂದು ಮನೆಯ ಹೆಣ್ಣುಮಕ್ಕಳಿಂದ ಕೇಳಿಸಿರಿ. ಇದ್ದರೆ ಊರಿನ ಆಶಾತಾಯಿಗೆ ತಿಳಿಸಿರಿ. ಮೇಲೆ ಹೇಳಿದ ಸೌಲಭ್ಯಗಳು ಅವರಿಗೂ ಇವೆ. ಇವರು ಈ ಜಿಲ್ಲೆಯವರಲ್ಲ ಎಂದು ಯಾರೂ ತಿರುಗಿ ಕಳಿಸುವಂತಿಲ್ಲ. ಬೇನೆ ಬಂತೆಂದರೆ 108ಕ್ಕೆ ಫೋನು ಮಾಡಿರಿ. ಟ್ರ್ಯಾಕ್ಟರ್ ಟ್ರಾಲಿಯಲ್ಲಿ ಹೇರಿಕೊಂಡು ಹೋಗಬೇಡಿರಿ. ಗಾಡಿ ಬರುವವರೆಗೆ ಒಂದು ಲೋಟ ಬೆಲ್ಲದ ನೀರು ಕೈಗೆ ಕೊಡಿರಿ, ಗಡಿಯಾರ ನೋಡಿಕೊಳ್ಳಿರಿ.

ಆ ಹುಡುಗಿಗೆ ರೊಟ್ಟಿ ತಿನ್ನಿಸಿದ ತಾಯಿ ಇಂದು ಈ ಸಭೆಯಲ್ಲೇ ಇದ್ದಾರೆ. ಈ ಸಂಗತಿ ಹೇಳಲೇ ಎಂದು ಮೊದಲೇ ಅವರನ್ನು ಕೇಳಿದ್ದೆ. "ಹೇಳ್ರೀ, ಹೆಸರೊಂದು ಬಿಡ್ರಿ" ಎಂದರು. ಆ ಬಾಣಂತಿಯನ್ನು ಆಸ್ಪತ್ರೆಯಿಂದ ಬಿಟ್ಟಾಗ ಹದಿನೈದು ದಿನ ತಮ್ಮ ಮನೆಯ ಪಡಸಾಲೆಯಲ್ಲೇ ಇಟ್ಟುಕೊಂಡು ಅಳವಿ ಪಾಯಸ ಮಾಡಿ ಹಾಕಿದವರೂ ಅವರೇ.

ಊಟ ಸಿದ್ಧವಾಗಿದೆ ಎಂದು ಸೂಚನೆ ಬಂದಿದೆ. ಖೋಡವಾ ಮಾತಿಗೆ ಎರಡು ಗಂಟೆಗೆ ಸರಿಯಾಗಿ ಕೂಡೋಣ. ಪಾಲಾ ಸುಡುವವರು ಮುಂದಿನ ಸಾಲಿನಲ್ಲೇ ಕೂಡಬೇಕು.